ಅಂಚಿನ ಹಸಿರು

ಇಸ್ತ್ರಿಯನ್ನು ಕೆನ್ನೆಯ ಹತ್ತಿರ ಹಿಡಿದು ಬಿಸಿ ನೋಡುವುದು ಸಿದೋನಿಗೆ ಹದಿನಾಲ್ಕು ವರ್ಷಗಳ ರೂಢಿ. ಒಲೆಯ ಸುತ್ತ ಒರಗಿಸಿಟ್ಟ ಹನ್ನೆರಡು ಇಸ್ತ್ರಿಗಳಲ್ಲಿ ಯಾವುದು ತೋಳಿಗೆ, ಯಾವುದು ಕೊರಳಪಟ್ಟಿಗೆ, ಯಾವುದು ಮೇಜುಬಟ್ಟೆಗೆ ಎಂದು ಅವಳ ಕೆನ್ನೆಗೇ ಗೊತ್ತಿತ್ತು. ಆ ಗುರುವಾರ ಬೆಳಿಗ್ಗೆ ಕೆನ್ನೆ ಏನನ್ನೂ ಹೇಳಲಿಲ್ಲ. ಬಿಸಿ ತಾಗಿತು, ಆದರೆ ಬೇರೆ ಯಾರದೋ ಕೆನ್ನೆಗೆ ತಾಗಿದ ಹಾಗೆ ತಾಗಿತು. ಹಾಗೆಯೇ ಇಟ್ಟುಬಿಟ್ಟಳು. ಯಾರೋ ದೊಡ್ಡವರ ಅಂಗಿಯ ಎದೆಯ ಮೇಲೆ ಇಸ್ತ್ರಿಯ ಮೂತಿಯಷ್ಟೇ ಅಗಲದ ತಿಳಿಗಂದು ಎದ್ದಿತು. ಎದುರು ಮೇಜಿನ ಎಲ್ವೀರ್ ನೋಡಿ, ನೋಡದವಳಂತೆ ಒಂದು ಒದ್ದೆ ಚಿಂದಿಯನ್ನು ಇತ್ತ ತಳ್ಳಿದಳು. ಸಿದೋನಿ ಉಜ್ಜಿದಳು. ಕಂದು ಹೋಯಿತು. ಹೋಗುವ ಕಲೆಗಳು ಹೀಗೆ ಹೋಗುತ್ತವೆ, ಎರಡು ಸಲ ಉಜ್ಜುವಷ್ಟರಲ್ಲಿ, ಯಾರಿಗೂ ತಿಳಿಯದ ಹಾಗೆ. ಹೋಗದ ಕಲೆಯೊಂದು ಈಗ ಪ್ಯಾರಿಸ್ಸಿನ ನಡುಮಧ್ಯದ ಒಂದು ಮನೆಯ ಮಹಡಿಯಲ್ಲಿ ಬಂಗಾರದ ಚೌಕಟ್ಟಿನೊಳಗೆ ನೇತಾಡುತ್ತಿರಬಹುದು, ಯಾರು ಬೇಕಾದರೂ ಒಂದು ಫ್ರಾಂಕ್ ಕೊಟ್ಟು ನೋಡಬಹುದು.

ಹಿಂದಿನ ಸಂಜೆ ಎಲ್ವೀರಳ ಅಣ್ಣ ಫಾಬ್ಯಾಂ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದ. ಚಿತ್ರಗಳಿಗೆ ಚೌಕಟ್ಟು ಕಟ್ಟುವವನ ಬಳಿ ಹೊರೆ ಹೊರುವ ಕೆಲಸ ಅವನದು. 'ನಿಮ್ಮಿಬ್ಬರನ್ನೂ ಹೋದ ವಾರ ಹೆಗಲ ಮೇಲೆ ಹೊತ್ಕೊಂಡು ಮಹಡಿ ಹತ್ತಿದೆ ಕಣ್ರೇ. ಒಂದು ಉಪಕಾರಸ್ಮರಣೆನೂ ಇಲ್ಲ.'

'ಏನು ಬೊಗಳ್ತೀಯೋ' ಎಂದಳು ಎಲ್ವೀರ್.

'ಬೊಗಳೋದಲ್ಲ. ಕೆರೆ, ದೋಣಿ, ಇಬ್ಬರು ಹೆಂಗಸರು, ಒಂದೆರಡು ಬಾತುಕೋಳಿ. ನಿನ್ನ ಆ ದರಿದ್ರ ಟೋಪಿನ ನಾನು ಗುರುತಿಸ್ದೇ ಇರ್ತೀನಾ? ಕೊಡಿಸಿದೋನೇ ನಾನು.' ಆಮೇಲೆ ಒಳಗಿದ್ದ ಯಜಮಾನಿ ಮದಾಂ ಪ್ರವೋಗೆ ಕೇಳದಂತೆ ದನಿ ತಗ್ಗಿಸಿ, ಸಿದೋನಿಯ ಕಡೆ ತಿರುಗಿ, 'ಇನ್ನೊಬ್ಬಳು ಬಿಳಿ ಗೌನು ಹಾಕ್ಕೊಂಡು ರಾಣಿ ಥರ ಕೂತಿದ್ಲು' ಎಂದ.

ಕೂತಿದ್ಲು. ಅವನಿಗದು ಬರೀ ಮಾತು. ಗಂಡಸರಿಗೆ ಈ ಅಂಗಡಿಯ ಕಟ್ಟಳೆಗಳು ಗೊತ್ತಿರಲಿಲ್ಲ. ಬತಿನ್ಯೋಲಿನ ಬೀದಿಗಳಲ್ಲಿ ಇಸ್ತ್ರಿ ಹಾಕುವ ಯಾವ ಹೆಂಗಸು ತಾನೇ ಭಾನುವಾರ ಗಿರಾಕಿಗಳ ಬಟ್ಟೆ ಉಟ್ಟಿಲ್ಲ? ಶನಿವಾರ ಸಂಜೆ ಮಡಿಕೆಯಾಗಿ ಬುಟ್ಟಿ ಸೇರಿದ ಗೌನು ಸೋಮವಾರ ಮಧ್ಯಾಹ್ನದ ಹೊತ್ತಿಗೆ ಒಡತಿಯ ಮನೆ ಮುಟ್ಟಬೇಕು. ನಡುವಿನ ಒಂದು ಹಗಲು ಯಾರದೂ ಅಲ್ಲ. ಅದಕ್ಕೊಂದು ನೇಮವಿತ್ತು, ಯಾರೂ ಬರೆದಿಟ್ಟದ್ದಲ್ಲ, ತಾಯಂದಿರು ಮಕ್ಕಳಿಗೆ ಹೇಳಿಕೊಟ್ಟದ್ದು: ಉಡಬಹುದು, ಕೂರಬಾರದು. ನಡೆದರೆ ಗೌನಿಗೆ ಏನೂ ಆಗುವುದಿಲ್ಲ; ಕೂತರೆ ತೊಡೆಯ ಮೇಲೆ, ಮಂಡಿಯ ಹಿಂದೆ, ಬೇರೆಯವಳ ಮೈಯ ಗೆರೆ ಬೀಳುತ್ತದೆ, ಅದನ್ನು ಮತ್ತೆ ನೀರು ಕಾಣಿಸದೆ ತೆಗೆಯಲಾಗುವುದಿಲ್ಲ. ಹಾಗಾಗಿ ವಾರದ ಆರು ದಿನ ಮೇಜಿನ ಮುಂದೆ ನಿಂತೇ ಇರುವ ಹೆಂಗಸರು ಏಳನೆಯ ದಿನ ಕುಣಿತದ ತೋಟಗಳಲ್ಲಿ, ವಾದ್ಯದ ಮಂಟಪಗಳ ಸುತ್ತ, ರೇಷ್ಮೆಯೊಳಗೆ ನಿಂತೇ ಇರುತ್ತಿದ್ದರು. ದೂರದಿಂದ ಗುರುತು ಹಿಡಿಯಬಹುದಿತ್ತು: ಖಾಲಿ ಕುರ್ಚಿಯ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ನಗುತ್ತ ನಿಂತವಳು ನಮ್ಮವಳು.

'ಚಿತ್ರದಲ್ಲಿ ಮುಖ ತಿಳಿಯುತ್ತಾ?' ಎಂದು ಸಿದೋನಿ ಕೇಳಿದ್ದಳು.

ಫಾಬ್ಯಾಂ ಹೆಗಲು ಕುಣಿಸಿದ. 'ಬೆನ್ನ ಮೇಲಿದ್ದದ್ದು ನನಗೇನು ಕಾಣುತ್ತೆ? ಇಳಿಸಿ ಗೋಡೆಗೆ ಒರಗಿಸೋವಾಗ ಒಂದು ಚೂರು ನೋಡಿದ್ದು. ನೀವೇ ಹೋಗಿ ನೋಡಿ.'

ಮದಾಂ ದೆಲನೂ ಎಂಬವರೂ ಅದನ್ನು ನೋಡುವವರಿದ್ದರು. ನೋಟರಿಯ ಹೆಂಡತಿ, ಗೌನಿನ ಒಡತಿ. ಸೋಮವಾರ ಬುಟ್ಟಿ ಕೊಡಲು ಹೋದಾಗ ಅಡಿಗೆಯವಳು ಬೂದು ಕೈಗವಸುಗಳನ್ನು ಎಣಿಸಿಕೊಳ್ಳುತ್ತ, ಗುರುವಾರ ಮಧ್ಯಾಹ್ನ ಮದಾಂ ಆ ಹುಚ್ಚರ ಚಿತ್ರಪ್ರದರ್ಶನ ನೋಡೋಕೆ ಹೋಗ್ತಾರೆ, ಊರೆಲ್ಲ ನಗ್ತಾ ಇದೆಯಂತೆ, ಇವರೂ ನಗಬೇಕಲ್ಲ ಎಂದಿದ್ದಳು. ತಾನು ಮೊದಲು ಹೋಗಿ ನೋಡಿದರೆ ಏನು ಬದಲಾಗುತ್ತದೆಂದು ಸಿದೋನಿಗೆ ಗೊತ್ತಿರಲಿಲ್ಲ. ತನ್ನ ಕಳ್ಳತನವನ್ನು ತಾನು ಕಾಣುವ ಮೊದಲು ಇನ್ನೊಬ್ಬರು ಕಾಣುವುದು ಬೇಡ ಎನ್ನಿಸಿತು, ಅಷ್ಟೆ. ದವಡೆಗೆ ಒಂದು ಕರವಸ್ತ್ರ ಕಟ್ಟಿಕೊಂಡು ಯಜಮಾನಿಯ ಮುಂದೆ ನಿಂತಳು. ಮದಾಂ ಪ್ರವೋ ತಲೆಯೆತ್ತಲಿಲ್ಲ. 'ಹಲ್ಲು ಕೀಳಿಸ್ಕೊಂಡು ಐದಕ್ಕೆ ಬಾ. ಬಾಯಿ ಊದಿದ್ರೂ ಇಸ್ತ್ರಿ ಹಾಕ್ಬೋದು. ಕೈ ಊದಿದ್ರೆ ಮಾತ್ರ ಹೇಳು.'

ಬೀದಿಗೆ ಇಳಿದಾಗ ಏಪ್ರಿಲ್‌ನ ಬಿಸಿಲು ಕಣ್ಣಿಗೆ ಹೊಡೆಯಿತು. ನಡೆಯುತ್ತ ನಡೆಯುತ್ತ ಅವಳು ಹೋದ ಆಗಸ್ಟಿನೊಳಕ್ಕೆ ಹೋಗಿಬಿಟ್ಟಳು. ಆ ಭಾನುವಾರವೂ ಎಲ್ವೀರ್ ಜೊತೆಗಿದ್ದಳು. ಎಲ್ವೀರ್ ಉಟ್ಟದ್ದು ತನ್ನದೇ ಕಂದು ಲಂಗ, ತನ್ನದೇ ಟೋಪಿ, ಎರವಲಿನ ಭಯವಿಲ್ಲದ ನಡಿಗೆ. ಸಿದೋನಿಯ ಮೈಮೇಲೆ ಮದಾಂ ದೆಲನೂರ ಬಿಳಿ ಗೌನು. ಬೊಲೋನಿನ ಕಾಡಿನ ಕೆರೆಯ ದಡದಲ್ಲಿ ಮೂರು ಗಂಟೆ ನಿಂತಿದ್ದರು. ಅಪ್ಪ ತೋಡಿದ ಕೆರೆ. ಅಪ್ಪ ಇದನ್ನು ಕೆರೆ ಎನ್ನುತ್ತಿರಲಿಲ್ಲ, ಗುಂಡಿ ಎನ್ನುತ್ತಿದ್ದ. 'ಅಲ್ಲೇನಿತ್ತು, ಬರೀ ಮರಳು. ತೋಡಿದ್ವಿ, ನೀರು ಬಿಟ್ರು, ನೀರು ಇಂಗಿಹೋಯ್ತು. ಮತ್ತೆ ಇಳಿಸಿ ತಳಕ್ಕೆಲ್ಲ ಗಾರೆ ಹೊಡೆಸಿದ್ರು. ದೊಡ್ಡೋರ ದೋಣಿ ತೇಲಬೇಕಲ್ಲ.' ತೋಡಿದ ಮಣ್ಣಿನ ಧೂಳು ಅವನ ಎದೆಯಲ್ಲಿ ಉಳಿದು, ಹದಿನೈದು ವರ್ಷ ಕೆಮ್ಮಿ ಹೊರಬಂತು. ಶತ್ರುಸೈನ್ಯ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದ ಚಳಿಗಾಲದಲ್ಲಿ ಸೌದೆಗೆಂದು ಕಾಡನ್ನೆಲ್ಲ ಕಡಿದಾಗ ಅದೇ ಕೆರೆಯ ದಡದಿಂದ ಒಂದು ಬೇರಿನ ಮುಂಡು ಕದ್ದು ಎಳೆದು ತಂದ. ಅದು ಉರಿದ ಒಂದು ರಾತ್ರಿ ಮಾತ್ರ ಆ ಕೆರೆಯಿಂದ ಅವನ ಮನೆಗೆ ಬಂದ ಸುಖ. ಅಲ್ಲಿಯ ದೋಣಿಯಲ್ಲಿ ಅವನು ಎಂದೂ ಕೂತಿರಲಿಲ್ಲ. ಯಾಕಪ್ಪಾ ಎಂದು ಕೇಳಿದರೆ, ಅದರ ತಳ ನೋಡಿದೋನು ಮೇಲೆ ಹೆಂಗೆ ಕೂರೋದು ಎನ್ನುತ್ತಿದ್ದ.

ಅಂದು ಯಾಕೆ ಕೂತೆ? ಎಂಟು ತಿಂಗಳಿಂದ ಸಿದೋನಿ ಇದನ್ನೇ ಕೇಳಿಕೊಳ್ಳುತ್ತಿದ್ದಳು. ಕಾಲು ನೋಯುತ್ತಿತ್ತು, ಅದು ಯಾವತ್ತೂ ನೋಯುತ್ತಿತ್ತು. ದೋಣಿಯವನು ಕೈ ಚಾಚಿ, 'ಬನ್ನಿ ಮದಾಂ' ಎಂದ. ಮದಾಂ ಎಂದದ್ದು ಗೌನಿಗೆ, ತನಗಲ್ಲ ಎಂದು ಗೊತ್ತಿದ್ದೂ ಕೈ ಕೊಟ್ಟಳು. ಎಲ್ವೀರ್ ಗಾಬರಿಯಿಂದ, 'ಲೇ, ನಿಂತುಕೊಂಡು ದೋಣೀಲಿ ಹೋಗೋಕಾಗಲ್ಲ ಕಣೇ, ಮಗುಚುತ್ತೆ' ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ಆಗಲೇ ಸಿದೋನಿ ಕೂತಾಗಿತ್ತು. ಹಲಗೆಯ ಮೇಲೆ ಮೈಯ ಭಾರ ಬಿಟ್ಟುಕೊಟ್ಟಾಗ ಆದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಂಡಿ, ಸೊಂಟ, ಬೆನ್ನು ಒಂದೊಂದಾಗಿ ಕೆಲಸ ಬಿಟ್ಟವು. ಕೆಳಗೆ ನೀರು ಸಣ್ಣಗೆ ಉಸಿರಾಡುತ್ತಿತ್ತು. ಎಲೆಗಳ ನಡುವಿನಿಂದ ಬಿದ್ದ ಬಿಸಿಲು ನೀರಿಗೆ ತಾಗಿ, ಅಲ್ಲಿಂದ ಎದ್ದು ಗೌನಿಗೆ ತಾಗಿ, ಬಿಳಿಯ ಮೇಲೆ ಓಡಾಡಿತು. ಪಕ್ಕದ ದೋಣಿಯಲ್ಲಿ ಹುಲ್ಲಿನ ಟೋಪಿಯ ಒಬ್ಬ ಸಪೂರ ಮನುಷ್ಯ ಮಂಡಿಯ ಮೇಲೆ ಪೆಟ್ಟಿಗೆಯಿಟ್ಟುಕೊಂಡು ಏನೋ ಗೀಚುತ್ತಿದ್ದ. ಅವನ ದೋಣಿಯವನು ಹುಟ್ಟುಗಳನ್ನು ಮುಳುಗಿಸಿ ದೋಣಿಯನ್ನು ಒಂದೇ ಕಡೆ ನಿಲ್ಲಿಸಲು ಹೆಣಗುತ್ತಿದ್ದ. ಟೋಪಿಯವನು ತಲೆಯೆತ್ತಿ ನೋಡಿದ. ಸಿದೋನಿ ಮುಖ ತಿರುಗಿಸಿಕೊಳ್ಳಲಿಲ್ಲ. ಒಂದು ಪಕ್ಕಕ್ಕೆ ವಾಲಿ ಕೈಯನ್ನು ನೀರಿಗೆ ಇಳಿಬಿಟ್ಟಳು. ಅಷ್ಟೇ ನೆನಪು.

ಸಂಜೆ ಮನೆಯಲ್ಲಿ ಗೌನು ಬಿಚ್ಚಿದಾಗ ಅಂಚಿನಲ್ಲಿ ಒಂದು ಗೇಣು ಹಸಿರು. ತೊಳೆದಳು, ಹೋಗಲಿಲ್ಲ. ಸೋಮವಾರ ಬೆಳಕು ಹರಿಯುವ ಮೊದಲೇ ಅದನ್ನು ಹಿಂದಿನ ಕೋಣೆಯ ಒಗೆಯುವ ರಾಶಿಯೊಳಕ್ಕೆ ತುರುಕಿದಳು. ಇನ್ನೂ ಒಗೆದೇ ಇಲ್ಲವೇನೋ ಎಂಬಂತೆ. ಆ ಕೋಣೆ ಮಾತುರಿನ್‌ಳದು. ಐವತ್ತೈದರ ಹೆಂಗಸು, ಇಡೀ ಬತಿನ್ಯೋಲಿನಲ್ಲಿ ಬಿಳಿಬಟ್ಟೆಗೆ ನೀಲಿ ಹಾಕುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನೀಲಿಯ ಗಂಟನ್ನು ಕೊನೆಯ ನೀರಿನಲ್ಲಿ ಅದ್ದಿ, ಅಲ್ಲಾಡಿಸಿ, ಕೈಯನ್ನು ನೀರೊಳಗಿಟ್ಟು ತನ್ನ ಉಗುರು ನೋಡಿಕೊಳ್ಳುವಳು. 'ಉಗುರು ಹೆಣದ ಉಗುರಿನ ಥರ ಕಂಡಾಗ ನೀರು ಹದಕ್ಕೆ ಬಂತು ಅಂತ. ಅದಕ್ಕಿಂತ ಒಂದು ಹನಿ ಕಡಿಮೆಯಾದ್ರೂ ಬಟ್ಟೆ ಮುದುಕಿ ಹಲ್ಲು. ಒಂದು ಹನಿ ಜಾಸ್ತಿಯಾದ್ರೆ ಸೂತಕದ ಮನೆ.' ಆ ಹಸಿರಿನ ಜೊತೆ ಎರಡು ದಿನ ಗುದ್ದಾಡಿದಳು, ನಿಂಬೆ, ಹುಳಿಸೊಪ್ಪಿನ ಉಪ್ಪು, ಬಿಸಿಲು. ಹೋಗಲಿಲ್ಲ. ಮದಾಂ ದೆಲನೂ ಗೌನನ್ನು ಅಂಗಡಿಯ ಮೇಜಿನ ಮೇಲೆ ಬಿಸಾಡಿದರು. ಒಗೆಯುವ ಹಲಗೆಯ ಪಾಚಿಗೆ ಉಜ್ಜಿದ್ದೀಯ ಎಂದು ಮದಾಂ ಪ್ರವೋ ಮಾತುರಿನ್‌ಳನ್ನು ಎಲ್ಲರ ಮುಂದೆ ನಿಲ್ಲಿಸಿದಳು. 'ಯಾರಾದ್ರೂ ಏನಾದ್ರೂ ಹೇಳೋದಿದೆಯಾ?' ಎಂದು ಏಳು ಮೇಜುಗಳ ಕಡೆ ನೋಡಿದಳು. ಸಿದೋನಿಯ ಬಾಯಲ್ಲಿ ಆಗ ಗುಂಡುಸೂಜಿಗಳಿದ್ದವು. ಸೂಜಿಗಳಿದ್ದುದರಿಂದ ಮಾತಾಡಲಿಲ್ಲ ಎಂದು ಎಂಟು ತಿಂಗಳಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಮಾತುರಿನ್ ಏಪ್ರನ್ ಬಿಚ್ಚಿದಳು, ನೀಲಿಯ ಗಂಟನ್ನು ಜೇಬಿಗೆ ಹಾಕಿಕೊಂಡಳು. 'ಅದು ಅಂಗಡೀದು' ಎಂದಳು ಯಜಮಾನಿ. ಮಾತುರಿನ್ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಮೇಜಿನ ಬಟ್ಟೆಯ ಮೇಲೆ ಆ ಒದ್ದೆ ಗಂಟಿನ ನೀಲಿ ಗುರುತು ಈಗಲೂ ಇದೆ; ಸಿದೋನಿ ದಿನವೂ ಅದರ ಮೇಲೆಯೇ ಇಸ್ತ್ರಿ ಹಾಕುತ್ತಾಳೆ.

ಚಿತ್ರಗಳಿದ್ದ ಮನೆಯನ್ನು ಇನ್ನೂ ಕಟ್ಟುತ್ತಲೇ ಇದ್ದರು. ಮೇಲೆಲ್ಲೋ ಸುತ್ತಿಗೆಯ ಸದ್ದು, ಮೆಟ್ಟಿಲ ಮೇಲೆ ಗಾರೆಯ ಧೂಳು. ಗಾರೆಯ ವಾಸನೆ ಅಪ್ಪನದು. ದವಡೆಯ ಕರವಸ್ತ್ರವನ್ನು ಮೆಟ್ಟಿಲ ತಿರುವಿನಲ್ಲಿ ಬಿಚ್ಚಿ ಜೇಬಿಗಿಟ್ಟಳು. ಹಣ ತೆಗೆದುಕೊಳ್ಳುವವನು ಅವಳ ಬೂಟುಗಳನ್ನು ನೋಡಿ, 'ಹಿಂದಿನ ಬಾಗಿಲಿಂದ ಕೆಲಸದೋರು' ಎಂದ. 'ನಾನು ನೋಡೋಕೆ ಬಂದೋಳು' ಎಂದಳು. ಅವನು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ ಒಳಗೆ ಬಿಟ್ಟ.

ಕೋಣೆಗಳ ತುಂಬ ಜನ, ಜನಗಳ ತುಂಬ ನಗು. ದೇವಾಲಯದ ಹಾಗೆ ನಿಶ್ಶಬ್ದವಾಗಿರುತ್ತದೆ ಎಂದುಕೊಂಡು ಬಂದವಳಿಗೆ ಸಂತೆಯ ದೊಂಬರಾಟ ನೋಡುವವರ ನಗು ಕೇಳಿಸಿತು. ಮೂರನೆಯ ಕೋಣೆಯ ಮೂಲೆಯಲ್ಲಿ, ಕಿಟಕಿಯ ಎದುರಿಗೆ, ಅದು ಇತ್ತು. ಗುರುತಾದದ್ದು ಎಲ್ವೀರಳ ಟೋಪಿಯಿಂದ. ಉಳಿದದ್ದೇನೂ ಕಾಣಲಿಲ್ಲ. ಯಾರೋ ಕರಣೆಯಿಂದ ಬಣ್ಣ ಮೆತ್ತಿ, ಒರಸಿ, ಮನಸ್ಸು ಬದಲಾಯಿಸಿ ಬಿಟ್ಟುಹೋದ ಹಾಗಿತ್ತು. ಮುಖವಿರಬೇಕಾದ ಕಡೆ ನಾಲ್ಕು ಗೆರೆ. ಕಣ್ಣಿಲ್ಲ, ಬಾಯಿಲ್ಲ. ಅವಳ ಮೈಯ ಬಿಗಿತವೆಲ್ಲ ಒಮ್ಮೆಲೇ ಇಳಿದುಹೋಯಿತು. ಇದರಲ್ಲಿ ಹೆತ್ತ ತಾಯಿಯೂ ತನ್ನನ್ನು ಗುರುತಿಸಲಾರಳು. ಬದುಕಿದೆ ಎಂದುಕೊಂಡಳು. ಬದುಕಿದೆ ಎಂದುಕೊಂಡ ಕ್ಷಣದಲ್ಲೇ ಯಾಕೋ ಮೋಸ ಹೋದವಳಂತೆ ಅಳು ಬಂತು. ಇಷ್ಟೇ ಆಗಿದ್ದೆನೇ ನಾನು ಅಂದು, ನಾಲ್ಕು ಗೆರೆ?

ಅಳು ತಡೆಯಲು ಕಣ್ಣನ್ನು ಅರ್ಧ ಮುಚ್ಚಿದಳು. ಒಗೆದ ಬಿಳಿಯಲ್ಲಿ ಹಳದಿ ಉಳಿದಿದೆಯೇ ಎಂದು ಕಿಟಕಿಗೆ ಹಿಡಿದು ನೋಡುವಾಗ ಮಾಡುವ ಹಾಗೆ, ರೆಪ್ಪೆಗಳ ಎಳೆಗಳ ನಡುವಿನಿಂದ. ಆಗ ನೀರು ಅಲುಗಿತು.

ಆಮೇಲೆ ಎಷ್ಟು ಹೊತ್ತು ನಿಂತಿದ್ದಳೋ ಅವಳಿಗೆ ತಿಳಿಯದು. ಗೌನು ಅಲ್ಲಿತ್ತು. ಅದು ಬಿಳಿಯಾಗಿರಲಿಲ್ಲ, ಅದರಲ್ಲಿ ಬಿಳಿ ಎಂಬುದು ಬೆರಳಗಲದಷ್ಟೂ ಇರಲಿಲ್ಲ. ನೆರಿಗೆಯ ಒಳಗೆ ನೀಲಿ, ನೆರಳಿನ ಕಡೆ ಕಮಲದ ಬಣ್ಣ, ತೊಡೆಯ ಮೇಲೆ ಮೈಯ ಬಿಸಿ ಬಟ್ಟೆಯಿಂದ ಹಣಿಕಿದ ಒಂದಿಷ್ಟು ಕೆಂಪು, ಮಂಡಿಯ ಕೆಳಗೆ ಎಲೆಯಿಂದ ಇಳಿದುಬಂದ ಹಳದಿ. ಇವೆಲ್ಲ ಸೇರಿ, ಅಯ್ಯೋ, ಎಂಥ ಬಿಳಿ. ಇದನ್ನು ತಾನು ಹದಿನಾಲ್ಕು ವರ್ಷದಿಂದ ಬಲ್ಲೆ. ಬಿಳಿಯೆಂಬುದು ಇಲ್ಲ, ಅದನ್ನು ಮಾಡಬೇಕು, ನೀಲಿಯಿಂದ ಮಾಡಬೇಕು ಎಂಬುದು ಈ ಊರಿನಲ್ಲಿ ಒಗೆಯುವವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದಳು. ಈ ಹುಲ್ಲಿನ ಟೋಪಿಯವನಿಗೆ ಯಾರು ಹೇಳಿಕೊಟ್ಟರು? ನೀರಿನಲ್ಲಿ ಇಳಿಬಿಟ್ಟ ಕೈಯನ್ನು ನೋಡಿದಳು. ಬೆರಳ ತುದಿಗಳಲ್ಲಿ ಒಂದೊಂದು ಚುಕ್ಕೆ ಬೂದುನೀಲಿ. ಮಾತುರಿನ್‌ಳ ಉಗುರು. ನೀರು ಹದಕ್ಕೆ ಬಂದಾಗಿನ ಉಗುರು. ಕೆರೆಯ ನೀರು ಮೇಲೆ ಆಕಾಶ, ಕೆಳಗೆ ಕಂದು. ಆ ಕಂದು ಅಪ್ಪನ ಗಾರೆ. ಅದರ ಮೇಲೆ, ಅಪ್ಪನ ಕೆಮ್ಮಿನ ಮೇಲೆ, ಒಬ್ಬಳು ಕೂತಿದ್ದಾಳೆ. ಮುಖ ಬೇಕಾಗಿಯೇ ಇರಲಿಲ್ಲ. ಕಣ್ಣಿಲ್ಲದ ಆ ಮುಖ ಎಲ್ಲವನ್ನೂ ನೋಡುತ್ತಿತ್ತು. ಬೆನ್ನು ಬಾಗಿದ ಬಗೆ, ಭುಜ ಇಳಿಬಿಟ್ಟ ಬಗೆ, ಅಪರೂಪಕ್ಕೆ ಕೂತವಳ ಮೈ ಕೂತದ್ದನ್ನು ನಂಬದೆ ಇನ್ನೂ ಅರ್ಧ ಎದ್ದಿರುವ ಬಗೆ, ಅದನ್ನು ಅವನು ಎರಡೇ ಗೆರೆಯಲ್ಲಿ ಹಿಡಿದಿದ್ದ. ಈ ಲೋಕದಲ್ಲಿ ಇಸ್ತ್ರಿಯವಳು ಕೂತದ್ದನ್ನು ಒಬ್ಬ ಕಂಡಿದ್ದಾನೆ. ಕಂಡು, ಇದು ಬಂಗಾರದ ಚೌಕಟ್ಟಿಗೆ ತಕ್ಕದ್ದು ಎಂದುಕೊಂಡಿದ್ದಾನೆ.

ಆಗ ಅಂಚು ಕಂಡಿತು. ದೋಣಿಯ ಗಿಡ್ಡ ಹಲಗೆಯನ್ನು ದಾಟಿ ಗೌನಿನ ಅಂಚು ಹೊರಗೆ ಚೆಲ್ಲಿತ್ತು, ಅದು ನೀರನ್ನು ಮುಟ್ಟಿದ ಕಡೆ ಒಂದೇ ಎಳೆತದಲ್ಲಿ ಹಚ್ಚಿದ ಹಸಿರು. ಒಂದು ಗೇಣು. ಅದೇ ಜಾಗ, ಅದೇ ಹಸಿರು. ತನಗೇ ತಿಳಿಯದೆ ಅದು ನಡೆದ ಕ್ಷಣವನ್ನು ಅವನು ನೋಡಿದ್ದ. ನೋಡಿದವನು ಒಂದು ಮಾತು ಕೂಗಿ ಹೇಳಬಹುದಾಗಿತ್ತಲ್ಲ: ಅಮ್ಮಾ, ನಿಮ್ಮ ಅಂಚು ನೀರಿಗೆ ಬಿತ್ತು. ಎರಡು ದೋಣಿಗಳ ನಡುವೆ ಹತ್ತು ಮೊಳವೂ ಇರಲಿಲ್ಲ. ಆ ಒಂದು ಮಾತಿಗೆ ಮಾತುರಿನ್ ಇವತ್ತೂ ತನ್ನ ಕೋಣೆಯಲ್ಲಿ ಇರುತ್ತಿದ್ದಳು. ಅವನು ಕೂಗಲಿಲ್ಲ, ಹಸಿರಿಗೆ ಕುಂಚ ಅದ್ದಿದ. ಸಿದೋನಿಗೆ ಆ ಚಿತ್ರವನ್ನು ಉಗುರಿನಿಂದ ಕೆರೆದುಹಾಕಬೇಕೆನಿಸಿತು, ಅದರ ಮುಂದೆ ಮೊಣಕಾಲೂರಬೇಕೆಂದೂ ಅನಿಸಿತು. ಎರಡೂ ಒಂದೇ ಸಲ ಅನಿಸಿದ್ದರಿಂದ ನಿಂತೇ ಇದ್ದಳು. ಅವನು ಕೂಗಲಿಲ್ಲ, ಸರಿ. ನೀನು? ನಿನ್ನ ಬಾಯಲ್ಲಿ ಸೂಜಿಗಳಿದ್ದವು.

'ಇದು ಬಿಳಿಯಂತೆ.' ಪಕ್ಕದಲ್ಲೇ ಬಂದ ದನಿ. ಬೂದು ಕೈಗವಸಿನ ಬೆರಳು, ಅದನ್ನು ಇಸ್ತ್ರಿ ಮಾಡಿದ್ದು ತಾನೇ. ಮದಾಂ ದೆಲನೂ ಜೊತೆಯ ಗೆಳತಿಗೆ ಚಿತ್ರ ತೋರಿಸುತ್ತಿದ್ದರು. 'ನಮ್ಮ ಅಗಸಗಿತ್ತಿ ಇಂಥ ಬಿಳಿ ತಂದುಕೊಟ್ರೆ ಅವಳ ಮುಖಕ್ಕೇ ಎಸೀತೀನಿ.'

'ಪಾಪ, ಆ ಚಿತ್ರದವನ ಮನೇಲಿ ಒಗೆಯೋರಿಲ್ಲ ಅಂತ ಕಾಣುತ್ತೆ' ಎಂದಳು ಗೆಳತಿ.

ಇಬ್ಬರೂ ನಕ್ಕರು. ನಗುತ್ತಲೇ ಮದಾಂ, ಪಕ್ಕದಲ್ಲಿ ನಿಂತವಳನ್ನೂ ನಗುವಿಗೆ ಸೇರಿಸಿಕೊಳ್ಳುವ ಸೌಜನ್ಯದಿಂದ ತಿರುಗಿದರು. 'ನೀವೇ ಹೇಳಿ, ಬಿಳಿ ಅಂದ್ರೆ ಹೀಗಿರುತ್ತಾ?'

ನೀವು ಎಂದರು. ಏಳು ವರ್ಷ, ಪ್ರತಿ ಸೋಮವಾರ, ಹಿತ್ತಿಲ ಬಾಗಿಲಲ್ಲಿ ಬುಟ್ಟಿಯ ಹಿಂದೆ ಕಂಡ ಮುಖ ಬುಟ್ಟಿಯಿಲ್ಲದಾಗ ಅವರಿಗೆ ಯಾರದೂ ಆಗಿರಲಿಲ್ಲ. ಹೌದು ಮದಾಂ, ನಗೆ ಬರುತ್ತೆ ಎಂದು ಹೇಳಿ ಮೆಟ್ಟಿಲಿಳಿದರೆ ಮುಗಿಯಿತು. ಐದು ಗಂಟೆಗೆ ಮೇಜು, ಇಸ್ತ್ರಿ, ನಾಳೆ, ನಾಡಿದ್ದು. ಗೌನು ಗುರುತಾಗಿಲ್ಲ, ಮುಖ ಗುರುತಾಗಿಲ್ಲ, ನಿಜವಾದ ಮುಖವೂ ಗುರುತಾಗಿಲ್ಲ. ಚಿತ್ರದವಳ ಕಡೆ ನೋಡಿದಳು. ಅವಳು ಕೂತೇ ಇದ್ದಳು. ತಾನು ನಿರಾಕರಿಸಿದರೂ ಕೂತಿರುತ್ತಾಳೆ. ಬಾಯೊಳಗಿನ ಸೂಜಿಗಳನ್ನು ಒಂದೊಂದಾಗಿ ತೆಗೆದ ಹಾಗೆ ಸಿದೋನಿ ತುಟಿ ಬಿಡಿಸಿದಳು.

'ಹೀಗೇ ಇರುತ್ತೆ, ಮದಾಂ. ನೀಲಿ ಹಾಕ್ದೇ ಇದ್ರೆ ಅದು ಬಿಳಿ ಆಗಲ್ಲ. ಅದು ನಿಮ್ಮ ಗೌನು.'

'ಏನಂದ್ರಿ?'

'ನಿಮ್ಮ ಗೌನು. ಮೂರು ನೆರಿಗೇದು. ಅದರೊಳಗಿರೋಳು ನಾನು. ಪ್ರವೋ ಅಂಗಡಿ ಸಿದೋನಿ. ಹೋದ ಆಗಸ್ಟು, ಒಂದು ಭಾನುವಾರ. ಆ ಅಂಚು ನೋಡಿ, ಹಸಿರು. ಮಾತುರಿನ್ ಮಾಡಿದ್ದಲ್ಲ ಅದು. ನಾನು ಮಾಡಿದ್ದು. ಅವಳನ್ನ ಓಡಿಸಿದ್ರಿ.'

ಗೆಳತಿ ಮತ್ತೆ ನಕ್ಕಳು, ಹುಚ್ಚರ ಚಿತ್ರಗಳ ನಡುವೆ ಹುಚ್ಚಿಯೊಬ್ಬಳು ಸಿಕ್ಕಳೆಂಬ ಸಂತೋಷದಲ್ಲಿ. ಮದಾಂ ನಗಲಿಲ್ಲ. ಕೈಹಿಡಿಯ ಕನ್ನಡಕವನ್ನು ಕಣ್ಣಿಗೆತ್ತಿ ಅಂಚನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ಕಲೆಯಾದ ಗೇಣುದ್ದದ ಅಂಚನ್ನು ಆಮೇಲೆ ಕತ್ತರಿಸಿ ಕಸೂತಿ ಹೊಲಿಸಿಕೊಂಡದ್ದು ಇದೇ ಜಾಗದಲ್ಲಿ; ಅದು ಅವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಚಿತ್ರದಿಂದ ಕಣ್ಣು ಸಿದೋನಿಯ ಕೈಗಳಿಗೆ ಬಂತು, ಮಣಿಕಟ್ಟಿನ ಸುಟ್ಟ ಗುರುತುಗಳಿಗೆ, ಅಲ್ಲಿಂದ ಮುಖಕ್ಕೆ. ಆ ಏಳು ವರ್ಷಗಳಲ್ಲಿ ಮೊದಲ ಸಲ ಅವರು ಅವಳ ಮುಖ ನೋಡಿದರು.

'ಎಷ್ಟು ಸಲ?'

'ಒಂದೇ ಸಲ.'

'ಕೂತಿದ್ದೆ ಅದರಲ್ಲಿ' ಎಂದರು ಮದಾಂ.

'ಕೂತಿದ್ದೆ, ಮದಾಂ.'

'ಅದಾದ ಮೇಲೆ ನಾನದನ್ನ ಮೂರು ಸಲ ಉಟ್ಟಿದ್ದೀನಿ' ಎಂದರು ಮದಾಂ, ಯಾರಿಗೂ ಅಲ್ಲ, ತಮ್ಮ ಮೈಗೇ ಹೇಳಿಕೊಳ್ಳುವಂತೆ. ಬೂದು ಕೈಗವಸಿನ ಕೈಯೊಂದು ಇನ್ನೊಂದು ತೋಳನ್ನು ಮೇಲಿಂದ ಕೆಳಗೆ ಉಜ್ಜತೊಡಗಿತು. ಹತ್ತಿಕೊಂಡದ್ದನ್ನು ಒರಸಿಹಾಕುವ ಉಜ್ಜು. ಕಳ್ಳಿ ಎಂದು ಬಯ್ಯುತ್ತಾರೆ ಎಂದು ಸಿದೋನಿ ಕಾದಿದ್ದಳು. ಇದನ್ನು ಕಾದಿರಲಿಲ್ಲ. ಈ ಮೈಯ ಯಾವ ಕಲೆ ತನಗೆ ಗೊತ್ತಿಲ್ಲ? ಕಂಕುಳ ಬೆವರು, ತಿಂಗಳ ರಕ್ತ, ಗಂಡ ಕುಡಿದು ಕಕ್ಕಿದ ದಿಂಬಿನ ಚೀಲ, ಸತ್ತು ಹುಟ್ಟಿದ ಮಗುವಿನ ಹಾಸು. ಎಲ್ಲವೂ ಮಾತುರಿನ್‌ಳ ಕೈ ದಾಟಿ, ತನ್ನ ಕೈ ದಾಟಿ, ಮಡಿಯಾಗಿ, ಗರಿಯಾಗಿ ಹಿಂದಕ್ಕೆ ಹೋಗಿವೆ. ಒಂದು ಸಲವೂ ತಾನಾಗಲಿ ಮಾತುರಿನ್ ಆಗಲಿ ತೋಳು ಉಜ್ಜಿಕೊಂಡಿರಲಿಲ್ಲ. ಊರನ್ನು ಬೆಳ್ಳಗೆ ಮಾಡುವ ಮೈ ಒಂದು ಮಧ್ಯಾಹ್ನ ಬಟ್ಟೆಯೊಳಗೆ ಕೂತರೆ ಬಟ್ಟೆ ಕೆಡುತ್ತದೆ.

'ಸೋಮವಾರ ನೀನು ಬರಬೇಡ' ಎಂದರು ಮದಾಂ. ನೀನು ಎಂಬುದು ತನ್ನ ಜಾಗಕ್ಕೆ ಮರಳಿತ್ತು. 'ಈಗಲೇ ಹೋಗಿ ಪ್ರವೋಗೆ ಹೇಳ್ತೀನಿ. ಆ ಗೌನನ್ನ ಸುಡಿಸ್ತೀನಿ.'

'ಅದನ್ನ ಸುಡಿಸಬಹುದು' ಎಂದಳು ಸಿದೋನಿ. ಗೋಡೆಯ ಮೇಲಿನ ಚಿತ್ರದ ಕಡೆ ನೋಡಿ ಹೇಳಿದ್ದರಿಂದ ಮದಾಂಗೆ ಅದು ಅರ್ಥವಾಯಿತೋ ಇಲ್ಲವೋ.

ಐದಕ್ಕೆ ಅಂಗಡಿಗೆ ಹೋಗುವ ಬದಲು ಸಿದೋನಿ, ಮಾತುರಿನ್ ಈಗ ದುಡಿಯುವ ಕಡೆಗೆ ನಡೆದಳು. ಸೇನ್ ನದಿಯ ದಡಕ್ಕೆ ಸರಪಳಿಯಿಂದ ಬಿಗಿದ ಒಗೆಯುವ ದೋಣಿ ಒಂದು ತೇಲುವ ಕೊಟ್ಟಿಗೆ. ಹೊಗೆ, ಹಬೆ, ನಲವತ್ತು ಹೆಂಗಸರು ಬಟ್ಟೆ ಬಡಿಯುವ ಮರದ ಸೊಟಗಗಳ ಸದ್ದು. ಮಾತುರಿನ್ ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಮೊಣಕಾಲೂರಿ ಯಾವುದೋ ಹೋಟೆಲಿನ ಹಾಸುಗಳನ್ನು ಬಡಿಯುತ್ತಿದ್ದಳು. ದಿನಗೂಲಿ, ಒರಟು ಬಟ್ಟೆ. ನೀಲಿ ಹಾಕುವ ನಯದ ಕೆಲಸ ಇಲ್ಲಿ ಇರಲಿಲ್ಲ. ಎಂಟು ತಿಂಗಳಲ್ಲಿ ಅವಳ ಕೈ ಊದಿ ಕೆಂಪಾಗಿ ಬೇರೆ ಯಾರದೋ ಕೈಯಾಗಿತ್ತು. ಸಿದೋನಿಯನ್ನು ಕಂಡು ಸೊಟಗ ನಿಲ್ಲಿಸಲಿಲ್ಲ. ಸಿದೋನಿ ಪಕ್ಕದಲ್ಲಿ ನಿಂತು, ಸದ್ದಿನ ನಡುವೆ, ಎಲ್ಲವನ್ನೂ ಹೇಳಿದಳು. ಕೆರೆ, ರಾಶಿಯೊಳಕ್ಕೆ ತುರುಕಿದ್ದು, ಸೂಜಿಗಳು, ಚಿತ್ರ, ಮದಾಂ. ಕ್ಷಮಿಸು ಎನ್ನಬೇಕೆಂದುಕೊಂಡಿದ್ದಳು, ಆ ಮಾತು ಅಲ್ಲಿನ ಹಬೆಯಲ್ಲಿ ತೀರ ನಯವಾದ ಬಟ್ಟೆಯ ಹಾಗೆ ಕಂಡು ಹೇಳಲಿಲ್ಲ.

ಮಾತುರಿನ್ ಹಾಸನ್ನು ತಿರುವಿ ಹಾಕಿದಳು. 'ಗೊತ್ತಿತ್ತು ನನಗೆ.'

'ನಾನು ಅಂತ?'

'ನೀನು ಅಂತಲ್ಲ. ನಲವತ್ತು ವರ್ಷ ಒಗೆದಿದ್ದೀನಿ, ನದಿ ಪಾಚಿ ಯಾವುದು, ನಿಂತ ನೀರಿನ ಪಾಚಿ ಯಾವುದು ಅಂತ ತಿಳಿಯಲ್ವಾ? ಮಂಡಿ ಹಿಂದೆ ಗೆರೆ ಬೇರೆ ಇತ್ತು. ಯಾವಳೋ ಒಬ್ಬಳು ಕೆರೇಲಿ ಕೂತು ಬಂದಿದ್ದಾಳೆ ಅಂದ್ಕೊಂಡೆ.'

'ಮತ್ತೆ ಯಾಕೆ ಹೇಳಲಿಲ್ಲ?'

'ಹೇಳಿದ್ರೆ ಯಾವಳು ಅಂತ ಪ್ರವೋ ಹುಡುಕ್ತಿದ್ಲೇ? ಏಳು ಜನಾನೂ ಹೊರಗೆ ಹಾಕ್ತಿದ್ಲು. ಉಡದೇ ಇರೋಳು ಯಾರಿದ್ರಿ ನಿಮ್ಮಲ್ಲಿ, ಸಂತಮ್ಮನೋರು?' ಸೊಟಗ ಮೂರು ಸಲ ಬಿತ್ತು. 'ಆದ್ರೂ ಕಾದೆ ಕಣೇ. ಒಂದು ವಾರ ಕಾದೆ. ಯಾರಾದ್ರೂ ಬಂದು ಹೇಳ್ತಾರೆ ಅಂತ. ಆಮೇಲೆ ಕಾಯೋದು ಬಿಟ್ಟೆ.'

ದೋಣಿಯ ಹಲಗೆಗಳ ನಡುವಿನ ಬಿರುಕಿನಲ್ಲಿ ಸೋಪಿನ ನೀರು ನದಿಗೆ ಇಳಿಯುತ್ತಿತ್ತು, ಬೂದು, ಅದರೊಳಗೆ ನೀಲಿ, ಅದರೊಳಗೆ ಇನ್ನೇನೋ. ಕಣ್ಣು ಅರ್ಧ ಮುಚ್ಚದೆಯೂ ಅದು ಕಾಣುತ್ತಿತ್ತು ಅವಳಿಗೆ ಈಗ. ಎಲ್ಲ ಕಡೆ ಕಾಣುತ್ತಿತ್ತು. ಮಾತುರಿನ್‌ಳ ಒದ್ದೆ ತೋಳಿನ ಮೇಲೆ, ಹಬೆಯಲ್ಲಿ, ಹಿಂಡಿದ ಹಾಸಿನ ಸುರುಳಿಯಲ್ಲಿ.

'ಆ ಹಸಿರು,' ಎಂದಳು ಮಾತುರಿನ್, ಸೊಟಗವನ್ನು ಕೆಳಗಿಟ್ಟು. 'ಚಿತ್ರದಲ್ಲಿ ಇದೆಯಾ?'

'ಇದೆ.'

'ಅದೇ ಹಸಿರೇ? ಸೊಪ್ಪಿನ ಹಸಿರಲ್ಲ, ಸ್ವಲ್ಪ ಹಳದಿ ತಿರುಗಿದ್ದು?'

'ಅದೇ. ಒಂದು ಗೇಣು.'

ಮಾತುರಿನ್ ತನ್ನ ಉಗುರುಗಳನ್ನು ನೋಡಿಕೊಂಡಳು. ಅವಳ ಮುಖದ ಮೇಲೆ ಬಂದದ್ದು ನಗುವಲ್ಲ. ಎರಡು ಹಗಲು ತನ್ನ ಜೊತೆ ಗುದ್ದಾಡಿ ಗೆದ್ದುಹೋದವನ ಸುದ್ದಿ ಕೇಳಿದವಳ ಮುಖ. 'ನಿಂಬೆಗೂ ಹೋಗ್ಲಿಲ್ಲ, ಉಪ್ಪಿಗೂ ಹೋಗ್ಲಿಲ್ಲ ಅದು' ಎಂದಳು. 'ಇನ್ನು ಅದನ್ನ ತೆಗೆ ಅಂತ ಯಾರಿಗೂ ಹೇಳೋಕಾಗಲ್ಲ.'

ಆಮೇಲೆ ಬೋರಲು ಹಾಕಿದ್ದ ಒಂದು ತೊಟ್ಟಿಯನ್ನು ಕಾಲಿನಿಂದ ಇತ್ತ ತಳ್ಳಿದಳು.

'ನಿಂತೇ ಇರ್ತೀಯೇನೇ? ಕೂತ್ಕೋ.'

ಸಿದೋನಿ ಕೂತಳು. ಕೆಳಗೆ ದೋಣಿ ಸಣ್ಣಗೆ ಅಲುಗಿತು.